ತಾಳೆ ನೋಡಿ ಹೇಳು

"ತಿಳೀತೇನ್ರಪಾ?"

"ತಿಳೀತ್ರಿ ಟೀಚರ್!"

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಈ ಪ್ರಶ್ನೆ, ಈ ಉತ್ತರ ದಿನಕ್ಕೆ ಎಷ್ಟು ಸಲ ಆಗುತ್ತಿತ್ತೋ ಎಣಿಸಿದವಳಲ್ಲ. ಒಂದು ಲೆಕ್ಕ ಬಿಡಿಸುವುದು, ಬೋರ್ಡಿನಿಂದ ತಿರುಗಿ ಕೇಳುವುದು, ನಲವತ್ತು ಮಕ್ಕಳು ಒಂದೇ ರಾಗದಲ್ಲಿ ತಿಳೀತು ಅನ್ನುವುದು, ನಾನು ಡಸ್ಟರ್ ಎತ್ತಿಕೊಳ್ಳುವುದು. ಆ ರಾಗ ಕೇಳಿದರೆ ನನಗೆ ನೆಮ್ಮದಿ. ಇಲ್ಲಿಗೆ ಇದು ಮುಗಿಯಿತು, ಮುಂದಿನದಕ್ಕೆ ಹೋಗಬಹುದು ಅಂತ.

ಎಂಟನೇ ತರಗತಿಗೆ ಸಮೀಕರಣ ನಡೆದಿತ್ತು. ಹಿಂದಿನ ದಿನ ಎಕ್ಸ್ + 5 = 12 ಥರದ್ದನ್ನು ಹತ್ತಾರು ಬಿಡಿಸಿದ್ದೆವು. "ಆ ಕಡಿ ಹೋದ್ರ ಚಿಹ್ನೆ ಬದಲಾಗ್ತೈತಿ" ಅನ್ನುವುದು ಮಗ್ಗಿಯ ಹಾಗೆ ಎಲ್ಲರ ಬಾಯಲ್ಲಿತ್ತು. ಮರುದಿನ 3ಎಕ್ಸ್ = 12 ಅಂತ ಬರೆದು, "ಮಾಡ್ರಿ" ಅಂದು ಬೆಂಚುಗಳ ನಡುವೆ ಓಡಾಡಿದೆ. ಒಂದರ ಹಿಂದೊಂದು ನೋಟ್‌ಬುಕ್ಕಿನಲ್ಲಿ ಅದೇ ಸಾಲು: ಎಕ್ಸ್ = 12 − 3. ಎಕ್ಸ್ = 9. ಕೆಲವರು ಸ್ಕೇಲಿಟ್ಟು ಉತ್ತರದ ಸುತ್ತ ಚೌಕ ಎಳೆದಿದ್ದರು. ಎರಡನೇ ಬೆಂಚಿನ ಒಬ್ಬ ಹುಡುಗ, ಹಿಂದಿನ ದಿನ ಎಲ್ಲರಿಗಿಂತ ಜೋರಾಗಿ ತಿಳೀತ್ರಿ ಅಂದವನು, ಎಲ್ಲರಿಗಿಂತ ಮೊದಲು ಮುಗಿಸಿ ಪೆನ್ನು ಕೆಳಗಿಟ್ಟು ಕೂತಿದ್ದ.

ನನಗೆ ಸಿಟ್ಟು ಬಂತು. ನಿನ್ನೆ ತಿಳೀತು ಅಂದಿರಲ್ಲ, ಸುಳ್ಳು ಹೇಳಿದಿರಾ ಅಂತ ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನನ್ನು "ಇದು ಹೆಂಗ ಬಂತು?" ಅಂತ ಕೇಳಿದೆ. "ಆ ಕಡಿ ಹೋದ್ರ ಬದಲಾಗ್ತೈತಲ್ರಿ ಟೀಚರ್" ಅಂದ, ಇದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ. ಆಗ ಹೊಳೆಯಿತು: ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಏನೋ ತಿಳಿದಿತ್ತು, ಹಿಂದಿನ ದಿನದ ಎಲ್ಲ ಲೆಕ್ಕಕ್ಕೂ ಅದು ಹೊಂದಿತ್ತು ಕೂಡ. ತನಗೆ ತಿಳಿದದ್ದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಅಂತ ನೋಡಿಕೊಳ್ಳುವ ಸಾಧನ ಅವನ ಕೈಯಲ್ಲಿ ಇರಲಿಲ್ಲ. ನಾನು ಕೊಟ್ಟಿರಲಿಲ್ಲ.

"ಎಕ್ಸ್ ಇದ್ದಲ್ಲಿ ಒಂಬತ್ತು ಇಟ್ಟು ನೋಡು" ಅಂದೆ. ಅವನು ಬೆರಳಿನಿಂದ ಎಕ್ಸ್ ಮುಚ್ಚಿದ. "ಮೂರೊಂಬತ್ಲೆ ಇಪ್ಪತ್ತೇಳು." ಬಲಗಡೆಯ 12ರ ಮೇಲೆ ಅವನ ಕಣ್ಣು ನಿಂತಿತು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ನಾನು ಸರಿ ಅನ್ನುವ ಮುಂಚೆ, ತಪ್ಪು ಅನ್ನುವ ಮುಂಚೆ, ಆ ಚೌಕವನ್ನು ತಾನೇ ಅಡ್ಡಗೆರೆ ಎಳೆದು ಹೊಡೆದುಹಾಕಿದ. ಪಕ್ಕದವನ ನೋಟ್‌ಬುಕ್ ಕಡೆಗೆ ತಿರುಗಿ, "ನಿಂದೂ ತಪ್ಪೈತಲೇ" ಅಂದ.

ಪಠ್ಯಪುಸ್ತಕದಲ್ಲಿ ಇದಕ್ಕೊಂದು ಹೆಸರೇ ಇದೆ: ತಾಳೆ ನೋಡುವುದು. ಲೆಕ್ಕದ ಕೊನೆಗೆ ಎರಡು ಸಾಲು. ಅದಕ್ಕೆ ಅಂಕ ಇಲ್ಲ ಅಂತ ನಾವು ಶಿಕ್ಷಕರೇ ಬಿಟ್ಟುಬಿಡುತ್ತೇವೆ, ಮಕ್ಕಳೂ ಬಿಡುತ್ತಾರೆ. ಮಗುವೊಂದು ಯಾರ ಹಂಗೂ ಇಲ್ಲದೆ "ನನಗೆ ಇದು ಬಂದಿದೆಯೋ ಇಲ್ಲವೋ" ಅಂತ ತಿಳಿದುಕೊಳ್ಳಬಲ್ಲ ಜಾಗ ಇಡೀ ಪಾಠದಲ್ಲಿ ಅದೊಂದೇ. ಅದನ್ನೇ ಸಮಯ ಉಳಿಸಲು ಕತ್ತರಿಸುತ್ತಿದ್ದೆ.

ಆ ದಿನದಿಂದ ನನ್ನನ್ನು ಹಿಡಿದಿರುವುದು ಇದೇ ಯೋಚನೆ. "ತಿಳೀತಾ?" ಅನ್ನುವುದು ಮಗುವಿನಿಂದ ಉತ್ತರಿಸಲಾಗದ ಪ್ರಶ್ನೆ. ನಾಚಿಕೆ, ಹೆದರಿಕೆ ಎಲ್ಲ ಆಮೇಲಿನ ಮಾತು. ಧೈರ್ಯವಾಗಿ, ಪ್ರಾಮಾಣಿಕವಾಗಿ ಹೇಳಹೊರಟ ಮಗುವಿಗೂ ಅಳೆಯುವುದಕ್ಕೊಂದು ಕೋಲು ಬೇಕು.

ಕೋಲು ಇದ್ದಾಗ ಈ ಮಕ್ಕಳು ಎಷ್ಟು ಖಡಕ್ ಆಗಿ ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಅಂತ ಶಾಲೆಯ ಹೊರಗೆ ಕಂಡಿದ್ದೇನೆ. ನನ್ನ ತರಗತಿಯ ಒಬ್ಬ ಹುಡುಗಿಯ ಮನೆಗೆ ಹೋಗಿದ್ದೆ, ಎರಡು ವಾರ ಶಾಲೆಗೆ ಬಂದಿರಲಿಲ್ಲ ಅಂತ. ತಾಯಿಗೆ ಹುಷಾರಿರಲಿಲ್ಲ, ಇವಳು ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನನ್ನ ಜೊತೆ ಮಾತಾಡುತ್ತಲೇ ಒಂದು ಉಂಡೆ ತಗೊಂಡು ತಟ್ಟಲು ಶುರು ಮಾಡಿದವಳು, ಅಂಗೈ ಅಗಲ ಆಗುವಷ್ಟರಲ್ಲಿ ನಿಲ್ಲಿಸಿದಳು. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಅದನ್ನು ಮತ್ತೆ ಮುದ್ದೆ ಮಾಡಿ, ಎಸರಿನ ನೀರು ಚಿಮುಕಿಸಿ ನಾದತೊಡಗಿದಳು. "ನಾದಿದ್ದು ಸಾಲದಾಗೈತ್ರಿ" ಅಂದಳು. ಯಾರೂ ಅವಳಿಗೆ ತಪ್ಪು ಅಂದಿರಲಿಲ್ಲ, ಯಾರೂ ಅಂಕ ಹಾಕಿರಲಿಲ್ಲ. ರೊಟ್ಟಿಯ ಅಂಚು ಅವಳಿಗೆ ಹೇಳಿತ್ತು, ಅದನ್ನು ಓದುವುದು ಅವಳಿಗೆ ಗೊತ್ತಿತ್ತು. ಇದೇ ಹುಡುಗಿ ನನ್ನ ತರಗತಿಯಲ್ಲಿ ಲೆಕ್ಕ ಮುಗಿಸಿದ ತಕ್ಷಣ ನೋಟ್‌ಬುಕ್ ಎತ್ತಿಕೊಂಡು ಓಡಿಬರುತ್ತಾಳೆ: "ಸರಿ ಐತೇನ್ರಿ ಟೀಚರ್?"

ಇದಕ್ಕೆ ನಾನು ಹುಡುಕಿದ ಮೊದಲ ಉಪಾಯ ಕೈಕೊಟ್ಟಿತು. ಒಂದು ತರಬೇತಿಯಲ್ಲಿ ಬಣ್ಣದ ಕಾರ್ಡಿನ ವಿಧಾನ ಹೇಳಿಕೊಟ್ಟಿದ್ದರು: ಪೂರ್ತಿ ತಿಳಿದಿದ್ದರೆ ಹಸಿರು, ಅರ್ಧಂಬರ್ಧ ತಿಳಿದಿದ್ದರೆ ಹಳದಿ, ತಿಳಿಯದಿದ್ದರೆ ಕೆಂಪು. ರಾತ್ರಿ ಕೂತು ನಲವತ್ತು ಜೊತೆ ಕತ್ತರಿಸಿದೆ. ಮೊದಲ ದಿನ ಮಕ್ಕಳಿಗೆ ಖುಷಿಯೋ ಖುಷಿ. ಮೂರನೇ ದಿನದ ಹೊತ್ತಿಗೆ ಗಮನಿಸಿದೆ: ಎಲ್ಲರ ಕಣ್ಣೂ ಮೊದಲ ಬೆಂಚಿನ ಕಡೆಗೆ. ಅಲ್ಲಿ ಹಸಿರು ಎದ್ದರೆ ಹಿಂದೆಲ್ಲ ಹಸಿರು. ಕಣ್ಣು ಮುಚ್ಚಿ ಎತ್ತಿ ಅಂದೆ. ಆಗ ಒಂದಷ್ಟು ಹಳದಿ ಬಂದವು, ನಿಜ. ಆದರೆ ಹಸಿರು ಎತ್ತಿದವರಿಗೆ ಲೆಕ್ಕ ಕೊಟ್ಟು ನೋಡಿದರೆ ಅರ್ಧಕ್ಕರ್ಧ ತಪ್ಪು. ಹಳದಿ ಎತ್ತಿದವರಲ್ಲಿ ಕೆಲವರದು ಪೂರ್ತಿ ಸರಿ. ನಾಚಿಕೆ ತೆಗೆದರೂ ಅಳತೆ ಸರಿಹೋಗಲಿಲ್ಲ, ಯಾಕೆಂದರೆ ಕಾರ್ಡಿನಲ್ಲೂ ನಾನು ಅದೇ "ತಿಳೀತಾ?"ವನ್ನೇ ಕೇಳುತ್ತಿದ್ದೆ, ಬಾಯಿಗೆ ಬದಲಾಗಿ ಬಣ್ಣದಲ್ಲಿ.

ಮಕ್ಕಳ ಅಂದಾಜು ಯಾಕೆ ತಪ್ಪುತ್ತದೆ ಅಂತ ಆಮೇಲೆ ಓದತೊಡಗಿದೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ಒಂದು ಗುಂಪಿಗೆ ನಾಲ್ಕು ಸರದಿಯಲ್ಲೂ ಅದನ್ನೇ ಓದಲು ಹೇಳಿದರು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ. 40ರಷ್ಟು ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ ಶೇ. 61. ನನ್ನನ್ನು ತಟ್ಟಿದ್ದು ಇನ್ನೊಂದು ವಿಷಯ. ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ, ಹೆಚ್ಚು ಭರವಸೆಯಿಂದ ಇದ್ದವರು ಬರೀ ಓದಿದವರೇ.

ಸಂತೆಯಲ್ಲಿ ಎದುರಾದವರ ಮುಖ ಪರಿಚಯ ಇರುತ್ತದೆ, ಹೆಸರು ಕೇಳಿದರೆ ಬರುವುದಿಲ್ಲ. ನಾನು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಮಕ್ಕಳಿಗೆ ಆಗುವುದು ಮುಖ ಪರಿಚಯ. ಪ್ರತಿ ಸಾಲೂ ನೋಡಿದ ಹಾಗಿದೆ, ಯಾವುದೂ ಅಪರಿಚಿತ ಅಲ್ಲ. ಆ ಹಾಯಾದ ಭಾವವನ್ನೇ ಅವರು ತಿಳೀತು ಅನ್ನುತ್ತಾರೆ. ಗೈಡ್ ಮುಂದಿಟ್ಟುಕೊಂಡು ಬಿಡಿಸಿದ ಲೆಕ್ಕಗಳ ಮೇಲೆ ಕಣ್ಣಾಡಿಸುವ ಹತ್ತನೇ ತರಗತಿಯ ಮಕ್ಕಳಿಗೂ ಇದೇ ಆಗುವುದು. ಪರೀಕ್ಷೆಯ ದಿನ ಗೈಡ್ ಇರುವುದಿಲ್ಲ. "ಮನ್ಯಾಗ ಎಲ್ಲಾ ಬರ್ತಿತ್ರಿ, ಇಲ್ಲಿ ಮರತ ಹೋತು" ಅಂತ ಅಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಮರೆತದ್ದಲ್ಲ ಮಗಳೇ, ಅದು ಮನೆಯಲ್ಲೂ ಬರುತ್ತಿರಲಿಲ್ಲ, ಬರುತ್ತದೋ ಇಲ್ಲವೋ ನೋಡಿಕೊಳ್ಳುವ ದಾರಿ ನಿನಗೆ ಯಾರೂ ತೋರಿಸಲಿಲ್ಲ ಅಂತ ಹೇಳಬೇಕು ಅನಿಸುತ್ತದೆ.

ಈಗ ನನ್ನ ಪಿರಿಯಡ್ಡು ಶುರುವಾಗುವುದು ನಿನ್ನೆಯ ಒಂದು ಲೆಕ್ಕದಿಂದ. ಪುಸ್ತಕ ಮುಚ್ಚಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಐದು ನಿಮಿಷ. ಅದನ್ನು ನಾನು ತಿದ್ದುವುದಿಲ್ಲ, ನೋಡುವುದೂ ಇಲ್ಲ. ಮಕ್ಕಳೇ ತಾಳೆ ನೋಡಿಕೊಳ್ಳುತ್ತಾರೆ. ಇವತ್ತಿನದನ್ನು ಇವತ್ತೇ ಯಾಕೆ ಕೇಳುವುದಿಲ್ಲ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಬಿಸಿ ಆರುವ ಮುಂಚೆ ಕೇಳಿದರೆ ಎಲ್ಲರಿಗೂ ಬರುತ್ತದೆ. ಥಾಮಸ್ ನೆಲ್ಸನ್ ಮತ್ತು ಜಾನ್ ಡನ್ಲಾಸ್ಕಿ ಅನ್ನುವವರು 1991ರಲ್ಲೇ ಇದನ್ನು ತೋರಿಸಿದ್ದರು: ಕಲಿತ ಕೂಡಲೇ "ನಿನಗೆ ಇದು ನೆನಪಿರುತ್ತದಾ?" ಅಂತ ಕೇಳಿದರೆ ಅಂದಾಜು ಎಲ್ಲೆಲ್ಲೋ ಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಬಹುಪಾಲು ಸರಿಯಾಗುತ್ತದೆ. ಅವರು ಬಿಟ್ಟದ್ದು ಕೆಲವೇ ನಿಮಿಷ, ನಮ್ಮದು ಒಂದು ರಾತ್ರಿ.

ಇನ್ನೊಂದು ರೂಢಿ ಮಾಡಿಸಿದೆ. ಪ್ರತಿ ಉತ್ತರದ ಪಕ್ಕ, ತಾಳೆ ನೋಡುವ ಮುಂಚೆ, ಒಂದಕ್ಷರ ಬರೆಯಬೇಕು. ಖಾತ್ರಿ ಇದ್ದರೆ "ಖಾ", ಡೌಟು ಇದ್ದರೆ "ಡೌ". ಆಮೇಲೆ ಉತ್ತರ ನೋಡಿಕೊಂಡು ತನ್ನ ಅಕ್ಷರ ಸರಿಯಿತ್ತೋ ಇಲ್ಲವೋ ನೋಡಬೇಕು. ಶುರುವಿನಲ್ಲಿ ಒಂದು ದಶಮಾಂಶದ ಪ್ರಶ್ನೆ ಕೊಟ್ಟೆ: 0.5 ದೊಡ್ಡದೋ 0.35 ದೊಡ್ಡದೋ? ಎಂಟನೇ ತರಗತಿಯಲ್ಲಿ 0.35 ಅಂದವರು ಬಹಳ ಜನ, ಪಕ್ಕದಲ್ಲಿ ದಪ್ಪಗೆ "ಖಾ". ಐದಕ್ಕಿಂತ ಮೂವತ್ತೈದು ದೊಡ್ಡದಲ್ಲವಾ? ಎರಡನ್ನೂ ರೂಪಾಯಿ ಮಾಡಿ ನೋಡಿ ಅಂದೆ, ಐವತ್ತು ಪೈಸೆ, ಮೂವತ್ತೈದು ಪೈಸೆ. ತರಗತಿ ಒಮ್ಮೆಲೇ "ಓ" ಅಂದಿತು. ಖಾತ್ರಿಯಿಂದ ಬರೆದ ತಪ್ಪನ್ನು ತಾನೇ ಕಂಡುಕೊಂಡ ಮಗು ಅದನ್ನು ಸುಲಭಕ್ಕೆ ಮರೆಯುವುದಿಲ್ಲ, ಇದು ನನ್ನ ಅನುಭವ.

ನಾನು ಎಣಿಸಿರದ ಒಂದು ವಿಷಯ ಆ "ಡೌ" ಅಕ್ಷರಗಳಲ್ಲಿ ಸಿಕ್ಕಿತು. ಕಿಟಕಿ ಪಕ್ಕ ಕೂಡುವ, ಮಾತೇ ಆಡದ ಹುಡುಗಿಯೊಬ್ಬಳ ಹಾಳೆ. ಆರು ಲೆಕ್ಕ, ಆರೂ ಸರಿ, ಆರರ ಪಕ್ಕದಲ್ಲೂ "ಡೌ". ಮರುವಾರವೂ ಹಾಗೆ. ಇಷ್ಟು ದಿನ ಇವಳಿಗೆ ಲೆಕ್ಕ ಅಷ್ಟಕ್ಕಷ್ಟೆ ಅಂತ ತಿಳಿದಿದ್ದೆ, ಕೈ ಎತ್ತುತ್ತಿರಲಿಲ್ಲ ಅದಕ್ಕೆ. ಅವಳಿಗೂ ಹಾಗೇ ಅನಿಸಿತ್ತು. ಅವಳನ್ನು ಕರೆದು ನಾಲ್ಕು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, "ಇದರಾಗ ತಪ್ಪು ಎಷ್ಟು ಅದಾವ, ನೀನ ಎಣಿಸು" ಅಂದೆ. ಎಣಿಸಿದಳು. ಎರಡು. "ಮತ್ತ ಡೌಟು ಎಷ್ಟಕ್ಕ ಬರದಿ?" ಅದನ್ನೂ ಎಣಿಸಿದಳು. ಬಹಳ ಹೊತ್ತು ಹಾಳೆಗಳನ್ನೇ ನೋಡುತ್ತಾ ನಿಂತಳು. ತನ್ನ ತಿಳುವಳಿಕೆಯನ್ನು ತೂಗುವುದು ಅಂದರೆ ಅತಿಯಾಗಿ ನಂಬಿದವರನ್ನು ಕೆಳಗಿಳಿಸುವುದಷ್ಟೇ ಅಂದುಕೊಂಡಿದ್ದೆ. ಬಂದದ್ದನ್ನೂ ಬಂದಿಲ್ಲ ಅಂದುಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತ ಮಕ್ಕಳಿದ್ದಾರೆ. ನಾನು ಕಂಡಂತೆ ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಪಿರಿಯಡ್ಡಿನ ಕೊನೆಗೆ ಕಾಲು ಹಾಳೆ. ಹೆಸರು ಬೇಡ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಒಂದೇ ಸಾಲು. ಮೊದಲ ತಿಂಗಳು ಎರಡೇ ಬಗೆ: "ಎಲ್ಲಾ ತಿಳಿದಿದೆ", "ಏನೂ ತಿಳಿದಿಲ್ಲ". ಎರಡರಿಂದಲೂ ನನಗೆ ಉಪಯೋಗವಿಲ್ಲ. ಹಾಗಾಗಿ ಒಂದು ದಿನ ನಾನೇ ಬೋರ್ಡಿನ ಮೇಲೆ ಸಾಲುಗಳಿಗೆ ಒಂದು, ಎರಡು, ಮೂರು ಅಂತ ಸಂಖ್ಯೆ ಹಾಕಿ, ಯಾವ ಸಾಲಿನಿಂದ ಯಾವ ಸಾಲಿಗೆ ಬರುವಾಗ ಕಾಲು ಜಾರಿತು ಬರೀರಿ ಅಂದೆ. ಅಷ್ಟರಿಂದಲೇ ಚೀಟಿಗಳ ಮಾತು ಬದಲಾಯಿತು. "2ರಿಂದ 3ಕ್ಕೆ ಬರುವಾಗ 4 ಎಲ್ಲಿಂದ ಬಂತು?" "ಎರಡೂ ಕಡೆ ಭಾಗಿಸಿದರೆ ಉತ್ತರ ಕಡಿಮೆ ಆಗುವುದಿಲ್ಲವಾ?" ಈ ಎರಡನೆಯದನ್ನು ಬರೆದ ಮಗು ಯಾರೋ ಗೊತ್ತಿಲ್ಲ. ಆದರೆ ಮರುದಿನದ ನನ್ನ ಪಾಠವನ್ನು ಆ ಮಗುವೇ ಬರೆದುಕೊಟ್ಟ ಹಾಗಾಯಿತು. ತಕ್ಕಡಿ ತಂದು ಎರಡೂ ತಟ್ಟೆಯಿಂದ ಅರ್ಧರ್ಧ ತೆಗೆದು ತೋರಿಸಿದೆ. "ಏನೂ ತಿಳಿದಿಲ್ಲ"ದಿಂದ "ಇಲ್ಲಿ ತಿಳಿದಿಲ್ಲ"ಕ್ಕೆ ಬರಲು ಆ ತರಗತಿಗೆ ಸುಮಾರು ಮೂರು ತಿಂಗಳು ಹಿಡಿಯಿತು. ನಾನು ಕಲಿಸಿದ ಯಾವ ಅಧ್ಯಾಯಕ್ಕಿಂತ ಇದು ದೊಡ್ಡದು ಅಂತ ನನ್ನ ಭಾವನೆ.

ಇದೆಲ್ಲ ಹೊಸದೇನಲ್ಲ. ನಮ್ಮ ಮಕ್ಕಳಲ್ಲಿ ಬಹುಪಾಲು ನಲಿ-ಕಲಿಯಿಂದ, ಅಂದರೆ ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯಿಂದ ಬಂದವರು. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರು ಮಾಡಿದ್ದು ಅದು, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ನಮ್ಮ ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ ನೋಡಿದರೆ ಈಗಲೂ ಗೋಡೆಯ ಮೇಲೆ ಕಲಿಕಾ ಏಣಿ. ಆರು ವರ್ಷದ ಮಗು ತಾನೇ ಎದ್ದು ಹೋಗಿ, ತನ್ನ ಮೆಟ್ಟಿಲು ಯಾವುದು ಅಂತ ಬೆರಳಿಟ್ಟು ನೋಡಿ, ಅದರ ಕಾರ್ಡು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ, ಗುಂಪಿಗೆ ಅಲ್ಲಿ ತಟ್ಟೆ ಅನ್ನುತ್ತಾರೆ: ಟೀಚರ್ ನೆರವು ಬೇಕಾದವರದೊಂದು ತಟ್ಟೆ, ಗೆಳೆಯರ ನೆರವು ಸಾಕಾದವರದೊಂದು, ತಾನೇ ಮಾಡಬಲ್ಲವರದೊಂದು. ನಲಿ-ಕಲಿಯ ಮೇಲೆ ದೂರುಗಳಿವೆ. ಒಬ್ಬರೇ ಶಿಕ್ಷಕರು ಮೂರು ತರಗತಿ ಸಂಭಾಳಿಸುವ ಕಷ್ಟ ನನಗೂ ಗೊತ್ತು. ಆದರೆ ತಾನು ಎಲ್ಲಿದ್ದೇನೆ ಅಂತ ಬೆರಳಿಟ್ಟು ತೋರಿಸುತ್ತಿದ್ದ ಅದೇ ಮಗು ಏಳು ವರ್ಷ ಕಳೆದು ನನ್ನ ತರಗತಿಗೆ ಬಂದಾಗ, ತನಗೆ ಏನು ಬರುತ್ತದೆ ಅಂತ ನನ್ನ ಮುಖ ನೋಡಿ ತಿಳಿದುಕೊಳ್ಳುತ್ತದೆ. ನಡುವಿನ ವರ್ಷಗಳಲ್ಲಿ ಆ ಬೆರಳನ್ನು ನಾವೇ ಮಡಚಿಸಿಬಿಟ್ಟೆವು.

ಮಡಚಿಸಿದ್ದು ಅಂಕ. ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಬೇಕು. ಎಫ್‌ಎ, ಎಸ್‌ಎ (ವರ್ಷದ ನಡುನಡುವೆ ಮತ್ತು ಅವಧಿಯ ಕೊನೆಗೆ ನಡೆಸುವ ಮೌಲ್ಯಮಾಪನ) ದಾಖಲೆಗಳ ಜೊತೆ ಮಕ್ಕಳ ಸ್ವಮೌಲ್ಯಮಾಪನದ ಹಾಳೆಯನ್ನೂ ಸೇರಿಸಬೇಕು ಅಂತ ಒಂದು ವರ್ಷ ಮೇಲಿನಿಂದ ಸೂಚನೆ ಬಂತು. ಮರುದಿನವೇ ತಪಾಸಣೆ. ಆ ರಾತ್ರಿ ನಲವತ್ತು ಮಕ್ಕಳ "ಸ್ವ"ಮೌಲ್ಯಮಾಪನವನ್ನು ಮೂರು ಬಣ್ಣದ ಪೆನ್ನಿನಲ್ಲಿ ನಾನೇ ತುಂಬಿದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿ ಪತ್ರದಲ್ಲಿ ಮಗು ತನ್ನನ್ನು ತಾನು ಅಳೆದುಕೊಂಡದ್ದೂ, ಸಹಪಾಠಿಗಳು ಅಳೆದದ್ದೂ ಇರಬೇಕು ಅನ್ನುತ್ತದೆ. ಆಶಯ ಒಳ್ಳೆಯದು. ನನ್ನ ಆತಂಕ ಇಷ್ಟೆ: ಯಾವತ್ತು ಅದು ಮನೆಗೆ ಹೋಗುವ ಪತ್ರದಲ್ಲಿ ಅಚ್ಚಾಗುತ್ತದೋ, ಅವತ್ತಿನಿಂದ ಮಗು ಅಪ್ಪನಿಗಾಗಿ ಬರೆಯುತ್ತದೆ, ಶಿಕ್ಷಕರು ತಪಾಸಣೆಗಾಗಿ ಬರೆಸುತ್ತಾರೆ. "ಡೌ" ಅನ್ನುವ ಅಕ್ಷರ ಹುಟ್ಟುವುದು ಅದರಿಂದ ಏನೂ ಕಳೆದುಕೊಳ್ಳುವುದಿಲ್ಲ ಅಂತ ಮಗುವಿಗೆ ಖಾತ್ರಿಯಾದಾಗ ಮಾತ್ರ. ಅದಕ್ಕೇ ಆ ಹಿಂದಿನ ಪುಟವನ್ನು ನಾನು ನೋಡದೇ ಇರುವುದು. ಕಿಟಕಿ ಪಕ್ಕದ ಹುಡುಗಿಯ ಹಾಳೆಗಳು ನನಗೆ ಸಿಕ್ಕಿದ್ದೂ ಅವಳಾಗಿ ತಂದುಕೊಟ್ಟದ್ದರಿಂದ.

ಕಿರುಪರೀಕ್ಷೆಯ ಹಾಳೆಗಳಿಗೂ ಈಗ ಮೊದಲು ಅಂಕ ಹಾಕುವುದಿಲ್ಲ. ತಪ್ಪಿದ ಸಾಲಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ, ಅಷ್ಟೇ. ಏನು ತಪ್ಪು ಅಂತ ಮಗುವೇ ಹುಡುಕಿ, ಕೆಳಗೆ ತಿದ್ದಿ ಬರೆದ ಮೇಲೆ ಅಂಕ. ಇಸ್ರೇಲಿನಲ್ಲಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಕಂಡ ಕೂಡಲೇ ಹಾಳೆ ಮಡಚಿ ಬ್ಯಾಗಿಗೆ ಸೇರುವುದನ್ನು ನೋಡಿದ ಯಾವ ಶಿಕ್ಷಕರಿಗೂ ಇದು ಅಚ್ಚರಿ ಅನಿಸಲಾರದು. ಆದರೆ ಒಬ್ಬ ತಂದೆ ಬಂದು, "ಅಕ್ಕೋರ, ಹುಡುಗನ್ನ ಕೇಳಿದ್ರ ಚುಕ್ಕಿ ನಾಲ್ಕು ಬಂದಾವ ಅಂತಾನ. ಪಾಸೋ ಫೇಲೋ ಹೇಳ್ರಿ" ಅಂದರು. ಹೊಲದ ಕೆಲಸ ಬಿಟ್ಟು ಬಂದಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಹುಡುಗನನ್ನೇ ಕರೆದೆ. ಅವನು ನಾಲ್ಕೂ ಚುಕ್ಕೆ ಎಲ್ಲಿ, ಯಾಕೆ ಅಂತ ಅಪ್ಪನಿಗೆ ವಿವರಿಸಿದ. ಮೂರನ್ನು ತಿದ್ದಿದ್ದ, ನಾಲ್ಕನೆಯದು ಇನ್ನೂ ಗೊತ್ತಾಗಿಲ್ಲ ಅಂದ. ಅಪ್ಪನಿಗೆ ಗಣಿತ ತಿಳಿಯದಿದ್ದರೂ ಮಗ ಮಾತಾಡುವ ಪರಿ ತಿಳಿಯಿತು. "ಹಂಗಾರ ಒಂದ ಉಳದೈತಿ ಅನ್ನು" ಅಂದರು.

ಹತ್ತನೇ ತರಗತಿಗೆ ಇದನ್ನೆಲ್ಲ ಇಷ್ಟು ನಿಧಾನವಾಗಿ ಮಾಡಲಾಗುವುದಿಲ್ಲ. ಜನವರಿಯಿಂದ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಪಾಸಾಗಲು ಸಾಕಾಗುವಷ್ಟು ಆಯ್ದ ಪಾಠಗಳ ಪಾಸಿಂಗ್ ಪ್ಯಾಕೇಜ್. ಪಾಸಾಗುವುದು ಈ ಮಕ್ಕಳಿಗೆ ಎಷ್ಟು ದೊಡ್ಡ ವಿಷಯ ಅಂತ ಬಲ್ಲೆ, ಆ ಪ್ಯಾಕೇಜನ್ನು ನಾನೂ ಮಾಡಿಸುತ್ತೇನೆ. ಆದರೆ ಎಂಟನೇ ತರಗತಿಯಿಂದ "ಖಾ", "ಡೌ" ಬರೆದು ಬಂದವರು ಪ್ಯಾಕೇಜಿನ ಪಟ್ಟಿ ಕೈಗೆ ಬಂದ ಕೂಡಲೇ ಪೆನ್ಸಿಲ್ ತೆಗೆದು ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಗುರುತು ಹಾಕಿಕೊಳ್ಳುತ್ತಾರೆ. ಉಳಿದವರು ಮೊದಲ ಪುಟದಿಂದ ಓದಲು ಶುರು ಮಾಡುತ್ತಾರೆ.

"ತಿಳೀತೇನ್ರಪಾ?" ಅನ್ನುವುದು ಇನ್ನೂ ಪೂರ್ತಿ ಬಿಟ್ಟಿಲ್ಲ, ಬಾಯಿ ತಪ್ಪಿ ಬರುತ್ತದೆ. ಮೊನ್ನೆ ಬಂತು, ಭಿನ್ನರಾಶಿ ಇರುವ ಸಮೀಕರಣ ಮುಗಿಸಿದಾಗ. ಆ ಹಳೆಯ ರಾಗ ಏಳಲಿಲ್ಲ. ಇಬ್ಬರು ಮೂವರು ಹೂಂ ಅಂದರು, ಉಳಿದವರು ಬೋರ್ಡು ನೋಡುತ್ತಿದ್ದರು. ಎರಡನೇ ಬೆಂಚಿನ ಆ ಹುಡುಗ, ಒಂಬತ್ತಕ್ಕೆ ಚೌಕ ಹಾಕಿದ್ದವನು, ಪೆನ್ನಿನ ಕ್ಯಾಪು ಕಚ್ಚುತ್ತಾ ಹೇಳಿದ:

"ಈಗ ತಿಳದಂಗ ಆಗೈತ್ರಿ ಟೀಚರ್. ನಾಳೆ ಮುಂಜಾನೆ ಪುಸ್ತಕ ಮುಚ್ಚಿ ಮಾಡಿ ನೋಡಿ ಹೇಳ್ತೀನ್ರಿ."